ಖಳನ ಪಾತ್ರಕ್ಕೆ ನಾನೇ ಯಾಕೆ?

ಕಾರಣವಿಲ್ಲದೆ ಯಾರೂ ಏನನ್ನೂ ಮಾಡುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಎದುರಿನಿಂದ ಬರುವವನು ಸುಮ್ಮನೆ ನಕ್ಕು ಮುಂದೆ ಹೋದರೆ, ಅವನಿಗೆ ನನ್ನಿಂದ ಏನು ಬೇಕಾಗಿರಬಹುದು ಎಂದು ಪೇಟೆ ದಾಟುವವರೆಗೂ ಯೋಚಿಸುತ್ತೇನೆ. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟರೆ, ಕೂರುವ ಮೊದಲು ಅದು ಒದ್ದೆಯಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡುತ್ತೇನೆ. ಇದನ್ನು ನೀವು ಕೆಟ್ಟ ಗುಣ ಎನ್ನಬಹುದು. ಆದರೆ ಹೆಗಲ ಮೇಲೆ ಬಟ್ಟೆಯ ಗಂಟು ಹೊತ್ತು ಶಿರ್ತಾಡಿಯ ಮನೆಮನೆ ತಿರುಗಿ, ಕೊನೆಗೆ ಮೂಡುಬಿದಿರೆಯ ಬಸ್ ನಿಲ್ದಾಣದ ಹತ್ತಿರ ಸ್ವಂತ ಜವಳಿ ಅಂಗಡಿ ಇಟ್ಟವನು ನಾನು. ಈ ಗುಣ ಇಲ್ಲದಿದ್ದರೆ ಆ ಗಂಟು ಇಂದಿಗೂ ಹೆಗಲ ಮೇಲೆಯೇ ಇರುತ್ತಿತ್ತು. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆ ಅವರು ಕೇಳದಿದ್ದರೂ ನಾನು ಕೊಡುವ ಬುದ್ಧಿಮಾತು ಇಷ್ಟೇ: ನೀವು ಎಲ್ಲರನ್ನೂ ಅನುಮಾನಿಸಿ, ನಿಮ್ಮನ್ನು ಮಾತ್ರ ಯಾರೂ ಅನುಮಾನಿಸದ ಹಾಗೆ ನೋಡಿಕೊಳ್ಳಿ.

ಹೀಗಿರುವಾಗ ಎಪ್ಪತ್ತರ ದಶಕದ ಒಂದು ಮಧ್ಯಾಹ್ನ, ಊರಿನ ಯುವಕ ಸಂಘದ ನಾಟಕ ಮಾಡಿಸುತ್ತಿದ್ದ ವಾಸುದೇವ ಮಾಷ್ಟ್ರು ಅಂಗಡಿಗೆ ಬಂದರು. ಬಟ್ಟೆ ಕೇಳಲಿಲ್ಲ. ನನಗೆ ಆಗಲೇ ಎಚ್ಚರವಾಯಿತು.

“ಪೂಜಾರ್ರೇ, ವಾರ್ಷಿಕೋತ್ಸವಕ್ಕೆ ಒಂದು ಹಳೇ ದುರಂತ ನಾಟಕ ಮಾಡುವ ಅಂತ ಉಂಟು. ಅದರಲ್ಲಿ ಮಂತ್ರಿಯ ಪಾತ್ರ ನಿಮಗೇ ಹೇಳಿ ಮಾಡಿಸಿದ ಹಾಗೆ ಉಂಟು.”

“ಮಂತ್ರಿ ಒಳ್ಳೆಯವನಾ?”

ಮಾಷ್ಟ್ರು ಸೀಲಿಂಗ್ ನೋಡಿದರು. ಕಥೆ ಇಷ್ಟು: ಒಬ್ಬ ರಾಜ, ಅವನಿಗೆ ಪ್ರಾಣಕ್ಕಿಂತ ಹೆಚ್ಚಿನ ತಮ್ಮ. ನಡುವೆ ಈ ಮಂತ್ರಿ ನುಸುಳಿ, ತಮ್ಮ ದ್ರೋಹಿ ಎಂದು ರಾಜನ ಕಿವಿಯಲ್ಲಿ ಊದುತ್ತಾನೆ. ರಾಜ ತಮ್ಮನನ್ನು ಕೈಯಾರೆ ಕೊಂದು, ಸತ್ಯ ತಿಳಿದ ಮೇಲೆ ತಾನೂ ಸಾಯುತ್ತಾನೆ.

“ನನ್ನ ಮುಖ ನೋಡಿದ್ರೆ ನಿಮಗೆ ಹಾಗೆ ಕಾಣ್ತದಾ?”

“ಛೆ ಛೆ, ಮುಖ ಅಲ್ಲ ಮಾರಾಯ್ರೆ. ನಿಮ್ಮ ಮಾತು.”

ನನಗೆ ಭಯವಾದದ್ದು ಅಲ್ಲೇ. ಜವಳಿ ಅಂಗಡಿಯವನಿಗೆ ಮಾತಿನ ಮೇಲೆ ಜನರಿಗಿರುವ ನಂಬಿಕೆಯೇ ಆಸ್ತಿ. ಬಂಟ್ವಾಳದಿಂದ ಬರುತ್ತಿದ್ದ ಐಸಮ್ಮನನ್ನೇ ನೋಡಿ. ಮಗ ಗಲ್ಫ್‌ನಿಂದ ಹೊಳೆಯುವ ಬಟ್ಟೆ ಕಳಿಸುತ್ತಿದ್ದರೂ, ದೊಡ್ಡ ಮಗಳ ಮದುವೆಯಿಂದ ಹಿಡಿದು ಎಲ್ಲ ಜವಳಿಯೂ ನನ್ನಲ್ಲೇ. ಚೌಕಾಸಿ ಎಂಬ ಮಾತೇ ಇಲ್ಲ. “ನೀವು ಹೇಳಿದ್ದೇ ರೇಟು” ಎನ್ನುವವರು. ಅಂಥ ಗಿರಾಕಿ ಜನ್ಮಕ್ಕೆ ಒಬ್ಬರು ಸಿಕ್ಕುತ್ತಾರೆ. ಕಿರಿಯ ಮಗಳ ಮದುವೆ ಆಗ ಗೊತ್ತಾಗಿತ್ತು. ನಾನು ರಂಗದ ಮೇಲೆ ನಿಂತು ಸುಳ್ಳು ಹೇಳಿದ್ದು ಅವರ ಕಿವಿಗೆ ಬಿದ್ದರೆ? ಆ ನಂಬಿಕೆಯ ಒಂದು ಎಳೆ ಬಿಚ್ಚಿಕೊಂಡರೂ ಸಾಕು, ಮತ್ತೆ ಹೊಲಿಯುವುದು ಕಷ್ಟ.

“ಆಗುವುದಿಲ್ಲ ಮಾಷ್ಟ್ರೇ” ಎಂದೆ.

“ತೊಂದರೆ ಇಲ್ಲ, ಬಿಡಿ. ಎದುರಿನ ಜವಳಿ ಅಂಗಡಿಯವರನ್ನು ಕೇಳ್ತೇನೆ. ಇಷ್ಟು ಕಷ್ಟದ ಪಾತ್ರ ನಿಮಗೆ ಹೇಳಿದ್ದು ನನ್ನದೇ ತಪ್ಪು” ಎಂದು ಮಾಷ್ಟ್ರು ಚಪ್ಪಲಿ ಹಾಕಿಕೊಂಡರು.

ಅವರು ಮೆಟ್ಟಿಲು ಇಳಿಯುವ ಮೊದಲೇ ನಾನು ಒಪ್ಪಿದ್ದೆ. ಮನೆಯಲ್ಲಿ ವಿಷಯ ಹೇಳಿದಾಗ ಹೆಂಡತಿ, “ಒಳ್ಳೇದಾಯ್ತು, ವೇಷದ ಖರ್ಚು ಉಳಿಯಿತು” ಎಂದಳು.

ಒಪ್ಪಿದ ಮೇಲೆ ಮಾಲು ಪರೀಕ್ಷಿಸದೆ ಮಾರುವವನು ನಾನಲ್ಲ. ಈ ಮಂತ್ರಿಗೆ ಇದರಲ್ಲಿ ಲಾಭವೇನು ಎಂದು ಲೆಕ್ಕ ಹಾಕತೊಡಗಿದೆ. ನಾಟಕದಲ್ಲಿ ಅವನೇ ಕಾರಣಗಳನ್ನು ಹೇಳಿಕೊಳ್ಳುತ್ತಾನೆ. ಒಂದು ಕಡೆ, ತನಗೆ ಬರಬೇಕಾದ ಪದವಿ ತಮ್ಮನಿಗೆ ಹೋಯಿತು ಎನ್ನುತ್ತಾನೆ. ಇನ್ನೊಂದು ಕಡೆ, ತನ್ನ ತಂದೆಗೆ ಆಸ್ಥಾನದಲ್ಲಿ ಅವಮಾನವಾಯಿತು ಎನ್ನುತ್ತಾನೆ. ಮುಂದೆ, ರಾಣಿ ತನ್ನನ್ನು ನೋಡಿ ನಕ್ಕಳು ಎಂಬುದೂ ಬರುತ್ತದೆ. ನನಗೆ ಪಕ್ಕದ ಟೈಲರ್ ಕೃಷ್ಣಪ್ಪನ ನೆನಪಾಯಿತು. ರವಕೆ ಯಾಕೆ ಆಗಲಿಲ್ಲ ಎಂದು ಕೇಳಿದರೆ ಕರೆಂಟಿಲ್ಲ ಎನ್ನುತ್ತಾನೆ, ನೂಲು ಸಿಕ್ಕಲಿಲ್ಲ ಎನ್ನುತ್ತಾನೆ, ಅತ್ತೆಗೆ ಹುಷಾರಿಲ್ಲ ಎಂದೂ ಸೇರಿಸುತ್ತಾನೆ. ನಿಜ ಏನೆಂದರೆ ಅವನು ಬಟ್ಟೆಗೆ ಕತ್ತರಿಯನ್ನೇ ಇಟ್ಟಿರುವುದಿಲ್ಲ. ಒಂದು ಕಾರಣ ಕೊಟ್ಟವನನ್ನು ನಂಬಬಹುದು, ಕಾರಣಗಳ ಅಂಗಡಿಯನ್ನೇ ತೆರೆದವನನ್ನು ನಂಬಬಾರದು.

“ಮಾಷ್ಟ್ರೇ, ಈ ಮಂತ್ರಿ ನಮ್ಮಿಂದ ಏನೋ ಮುಚ್ಚಿಡ್ತಾನೆ” ಎಂದೆ.

“ಅವನು ಹುಟ್ಟಾ ದುಷ್ಟ, ಅಷ್ಟೇ.”

“ಲಾಭ ಇಲ್ಲದೆ ಯಾರು ಮಾರಾಯ್ರೆ ಇಷ್ಟು ಕೆಲಸ ಮಾಡ್ತಾರೆ?”

“ನೀವು ಮಾತು ಬಾಯಿಪಾಠ ಮಾಡಿ, ಸಾಕು” ಎಂದರು. ನಾಟಕ ಮಾಡಿಸುವವರಿಗೇ ಉತ್ತರ ಗೊತ್ತಿಲ್ಲ ಎಂದು ನನಗೆ ಖಾತ್ರಿಯಾಯಿತು.

ನಾಟಕದ ಸಂಜೆ ಶಾಲೆಯ ಮೈದಾನ ತುಂಬಿತ್ತು. ರಾಜನ ಪಾತ್ರಕ್ಕೆ ಸಿದ್ಧಕಟ್ಟೆಯ ಸಂಕಪ್ಪಣ್ಣ. ಅವರು ತಾಳಮದ್ದಳೆಯಲ್ಲಿ ಪಳಗಿದ ಅರ್ಥಧಾರಿ. ಅಲ್ಲಿ ಬರೆದುಕೊಟ್ಟ ಮಾತಿಲ್ಲ, ಎದುರಿನವನ ವಾದಕ್ಕೆ ಆ ಕ್ಷಣವೇ ಉತ್ತರ ಕೊಡಬೇಕು, ಸೋತರೆ ಮರ್ಯಾದೆ ಹೋಯಿತು. ಅಭ್ಯಾಸದಲ್ಲಿ ಬರೆದದ್ದನ್ನೇ ಹೇಳುತ್ತಿದ್ದ ಸಂಕಪ್ಪಣ್ಣನಿಗೆ, ಎದುರು ಅಷ್ಟು ಜನ ಕಂಡದ್ದೇ ಹಳೆಯ ರಕ್ತ ಕುದಿಯಿತು. “ಪ್ರಭು, ತಮ್ಮ ಸಹೋದರರು ಶತ್ರುವಿನ ದೂತನೊಡನೆ ಮಾತನಾಡುವುದನ್ನು ಕಂಡೆ” ಎಂದೆ. ಅವರು “ಹಾ! ನನ್ನ ತಮ್ಮನೇ?” ಎಂದು ಕುಸಿಯಬೇಕು. ಕುಸಿಯಲಿಲ್ಲ. ಮೀಸೆ ತಿರುವಿದರು.

“ಮಂತ್ರಿಗಳೇ, ಕಂಡದ್ದು ನೀವೊಬ್ಬರೇ. ಅವನು ದೂತನೆಂದು ಹಣೆಯಲ್ಲಿ ಬರೆದಿತ್ತೋ? ಅಥವಾ ಅವನ ಪರಿಚಯ ನಿಮಗೆ ಮೊದಲೇ ಉಂಟೋ?”

ಮೈದಾನದಲ್ಲಿ ಚಪ್ಪಾಳೆ, ಸಿಳ್ಳೆ. ನಾನು ಮುಂದಿನ ಮಾತು ಹೇಳಿದೆ, ಅದನ್ನೂ ಕತ್ತರಿಸಿದರು. ದೂರು ತಂದವನನ್ನೇ ಮೊದಲು ವಿಚಾರಿಸುವುದು ರಾಜಧರ್ಮ ಎಂದರು. ಪರದೆಯ ಹಿಂದಿನಿಂದ ಮಾಷ್ಟ್ರು, “ಸಂಕಪ್ಪಣ್ಣ, ನಂಬಿ ಮಾರಾಯ್ರೆ! ನೀವು ನಂಬದಿದ್ದರೆ ಯಾರೂ ಸಾಯುವುದಿಲ್ಲ!” ಎಂದು ಗೋಗರೆಯುತ್ತಿದ್ದರು. ತಮ್ಮನ ಪಾತ್ರದವನು ಕೊಲೆಗೆ ಸಿದ್ಧನಾಗಿ ಅಂಗಿಯೊಳಗೆ ಕುಂಕುಮದ ನೀರಿನ ಚೀಲ ಕಟ್ಟಿಕೊಂಡು ಕಾಯುತ್ತಿದ್ದ.

ಕಲಿತ ಮಾತು ಮುಗಿದಿತ್ತು. ಆಗ ಕೈಹಿಡಿದದ್ದು ಅಂಗಡಿ. ಗಿರಾಕಿ ಯಾವುದನ್ನೂ ಒಪ್ಪದಿದ್ದರೆ ನಾನು ಹೆಚ್ಚು ತೋರಿಸುವುದಿಲ್ಲ. ಒಂದು ಸೀರೆಯನ್ನು ಅರ್ಧ ಬಿಚ್ಚಿ, ಮತ್ತೆ ಮಡಚಿ, “ಇದು ನಿಮಗೆ ಬೇಡ” ಎಂದು ಒಳಗಿಡುತ್ತೇನೆ. ಅದನ್ನೇ ಮಾಡಿದೆ. ಕೈಮುಗಿದು, “ಪ್ರಭುಗಳು ಹೇಳಿದ್ದೇ ಸರಿ, ನನ್ನ ಕಣ್ಣಿನ ದೋಷವಿರಬೇಕು. ಇನ್ನೊಂದು ವಿಷಯವಿತ್ತು. ಬೇಡ, ಬಿಡಿ” ಎಂದು ಹೊರಟೆ.

ಹಿಂದಿನಿಂದ ರಾಜನ ಧ್ವನಿ: “ಯಾವ ವಿಷಯ?”

“ಏನಿಲ್ಲ ಪ್ರಭು.”

“ಏನಿಲ್ಲ ಅಂದ್ರೆ? ಹೇಳಿ ಮಾರಾಯ್ರೆ!”

ಆ ಕ್ಷಣದಲ್ಲಿ ನನಗೆ ಮಂತ್ರಿಯ ಲಾಭ ಏನೆಂದು ತಿಳಿಯಿತು. ಪದವಿಯೂ ಅಲ್ಲ, ಸೇಡೂ ಅಲ್ಲ. ಸಿಂಹಾಸನದಲ್ಲಿ ಕೂತವನು ಕೆಳಗಿಳಿದು ಬಂದು, ನನ್ನ ಬಾಯನ್ನೇ ನೋಡುತ್ತಾ “ಹೇಳಿ” ಎಂದು ಬೇಡುತ್ತಾನಲ್ಲ, ಅದರ ರುಚಿ. ಎಷ್ಟು ಸಿಹಿ ಎಂದರೆ, ನನಗೆ ನನ್ನ ಮೇಲೆಯೇ ಸ್ವಲ್ಪ ಹೆದರಿಕೆಯಾಯಿತು. ನಾಟಕ ಸರಿಯಾಗಿಯೇ ಮುಗಿಯಿತು, ಸಾಯಬೇಕಾದವರೆಲ್ಲ ಸತ್ತರು. ಬಣ್ಣ ಒರೆಸಿಕೊಳ್ಳುವಾಗ ಸಂಕಪ್ಪಣ್ಣ ಹತ್ತಿರ ಬಂದು, “ಆ ಇನ್ನೊಂದು ವಿಷಯ ಏನು?” ಎಂದರು. ಏನೂ ಇರಲಿಲ್ಲ ಎಂದರೆ ನಂಬಲಿಲ್ಲ. ಸಿದ್ಧಕಟ್ಟೆಗೆ ಹೋದಾಗೆಲ್ಲ ಇವತ್ತಿಗೂ ಕೇಳುತ್ತಾರೆ.

ಮರುದಿನದಿಂದ ನನ್ನ ಪಾಡು ಯಾರಿಗೂ ಬೇಡ. ಯಾರಾದರೂ ಬಟ್ಟೆ ಮುಟ್ಟಿ ಮುಟ್ಟಿ ನೋಡಿದರೆ, ಇವರು ನಾಟಕ ನೋಡಿದ್ದಾರೆ ಎನಿಸುತ್ತಿತ್ತು. ಮುಟ್ಟದೆ ಕೊಂಡರೆ, ನೋಡಿಯೂ ಅಡಗಿಸಿಕೊಂಡಿದ್ದಾರೆ ಎನಿಸುತ್ತಿತ್ತು. ಹೀಗಿರುವಾಗ ಐಸಮ್ಮ ಮದುವೆ ಜವಳಿಗೆ ಬಂದರು. ಚಾ ತರಿಸಿದೆ. ಸೀರೆಗಳನ್ನು ಆರಿಸಿದರು. ನಾನು ಬೆಲೆ ಹೇಳಿದೆ.

“ಆಯ್ತು” ಎಂದರು ಐಸಮ್ಮ.

“ಆಯ್ತು ಅಂದ್ರೆ?”

“ಆಯ್ತು ಅಂದ್ರೆ ಆಯ್ತು.”

ಎಂದಿನ ಮಾತೇ. ಆದರೆ ಧ್ವನಿ ಎಂದಿನ ಹಾಗಿತ್ತೋ? ಇಷ್ಟು ಬೇಗ ಒಪ್ಪಿದ್ದು ಯಾಕೆ? ಬೆಳ್ತಂಗಡಿಯ ಅಂಗಡಿಗಳಲ್ಲಿ ರೇಟು ವಿಚಾರಿಸಿ ಬಂದಿರಬಹುದೋ? ನನ್ನನ್ನು ಪರೀಕ್ಷಿಸುತ್ತಿರಬಹುದೋ? ಯಾವುದಕ್ಕೂ ಇರಲಿ ಎಂದು, ನಾನೇ ಸ್ವಲ್ಪ ಇಳಿಸಿದೆ. ಐಸಮ್ಮ ಚಾ ಲೋಟದ ಮೇಲಿನಿಂದ ನನ್ನನ್ನು ನೋಡಿದರು. ಆ ನೋಟ ತಡೆಯಲಾಗದೆ ಇನ್ನೂ ಇಳಿಸಿದೆ.

“ನಿಮಗೆ ಹುಷಾರಿಲ್ವಾ?”

“ಹಾಗಲ್ಲ ಐಸಮ್ಮ. ಜನ ಏನೇನೋ ಹೇಳಿರ್ತಾರೆ. ಆ ನಾಟಕ...”

“ಯಾವ ನಾಟಕ?”

ಅವರಿಗೆ ಏನೊಂದೂ ಗೊತ್ತಿರಲಿಲ್ಲ. ನಾನು, “ಏನಿಲ್ಲ, ಬಿಡಿ” ಎಂದೆ.

ಐಸಮ್ಮ ಲೋಟ ಕೆಳಗಿಟ್ಟರು. “ಏನಿಲ್ಲ ಅಂದ್ರೆ? ಕೇಳದೆ ರೇಟು ಇಳಿಸ್ತೀರಿ, ಕೇಳಿದ್ರೆ ಏನಿಲ್ಲ ಅಂತೀರಿ. ಈ ಬಟ್ಟೆಯಲ್ಲಿ ಏನಾದ್ರೂ ಉಂಟಾ?” ಎಂದು, ಮೊಟ್ಟಮೊದಲ ಬಾರಿಗೆ, ನನ್ನ ಅಂಗಡಿಯ ಸೀರೆಯೊಂದನ್ನು ಬಾಗಿಲಿಗೆ ಕೊಂಡೊಯ್ದು, ಬಿಸಿಲಿಗೆ ಹಿಡಿದು, ಅಂಚಿನಿಂದ ಅಂಚಿಗೆ ಪರೀಕ್ಷಿಸತೊಡಗಿದರು. ಬಟ್ಟೆ ಚೊಕ್ಕ ಚಿನ್ನದಂಥದ್ದು. ಎಷ್ಟು ಆಣೆ ಹಾಕಿ ಹೇಳಿದರೂ ಅವರ ಕೈ ನಿಲ್ಲಲಿಲ್ಲ.

ಆ ಮಂತ್ರಿಗೆ ರಾಜನ ಮನಸ್ಸು ಕೆಡಿಸಲು ಮೂರು ಅಂಕ ಹಿಡಿದಿತ್ತು, ಮೇಲೆ ಬಣ್ಣ, ದೀಪ, ಹಾರ್ಮೋನಿಯಂ. ನಾನು ಅದೇ ಕೆಲಸವನ್ನು ಒಂದು ಲೋಟ ಚಾ ಆರುವುದರೊಳಗೆ ಮುಗಿಸಿದೆ, ಅದೂ ಕೈಯಿಂದ ದುಡ್ಡು ಕಳೆದುಕೊಂಡು. ಲಾಭವಿಲ್ಲದೆ ಯಾರೂ ಇಷ್ಟು ಕೆಲಸ ಮಾಡುವುದಿಲ್ಲ ಎಂದು ಮಾಷ್ಟ್ರ ಹತ್ತಿರ ವಾದಿಸಿದವನು ನಾನೇ.