ಸ್ಕ್ಯಾನರಿನ ಬದಲಿಗೆ ಬಾಳೆಹಣ್ಣು

ಮೊರಬದ ಆಚೆ ಇರುವ ತೆಗ್ಗಿನಕೊಪ್ಪದ ಬೀಜ ವಿತರಣಾ ಕಚೇರಿಗೆ ಹೆಸರುಕಾಳಿನ ಬೀಜಕ್ಕೆಂದು ಬರುವ ಪ್ರತಿಯೊಬ್ಬ ರೈತನೂ ವಿಮಾನ ನಿಲ್ದಾಣದ ಸ್ಕ್ಯಾನರಿನೊಳಗೆ ಎರಡೂ ಕೈ ಮೇಲೆತ್ತಿ ನಿಲ್ಲತಕ್ಕದ್ದು. ಹೋದ ವರ್ಷ ಯಾರೋ ಧೋತರದೊಳಗೆ ಎರಡನೇ ಚೀಲ ಸಿಕ್ಕಿಸಿಕೊಂಡು ಹೋದರೆಂಬ ಗುಮಾನಿ ಇತ್ತು. ಆದ್ದರಿಂದ, ವಿಕಿರಣದ ಗಲಾಟೆಯಾಗಿ ಎಲ್ಲೋ ದೂರದ ನಿಲ್ದಾಣದವರು ಮೂಲೆಗೆ ತಳ್ಳಿದ್ದ ಯಂತ್ರವನ್ನು ಮೇಲಿನವರು ನಮಗೆ ಮಂಜೂರು ಮಾಡಿದರು. ನಾನು ಈ ಕಚೇರಿಯ ಗುಮಾಸ್ತ. ನಿಯಮ ಮಾಡುವುದು ನಮ್ಮ ಅಧಿಕಾರಿ ಪ್ರಭಂಜನ ಸಾಹೇಬರ ಕೆಲಸ, ಬೈಸಿಕೊಳ್ಳುವುದು ನನ್ನದು.

ಯಂತ್ರ ಬಂದ ಎರಡನೇ ದಿನವೇ ರೈತ ಹೊಳೆಯಪ್ಪ ಬಂದ. "ಸಾಹೇಬ್ರ, ನಿನ್ನಿ ಇದರೊಳಗ ನಿಂತಿದ್ದೆ. ಒಂದ ಕಡಿ ಮೀಸಿ ಉದರಾಕ ಹತ್ತೈತ್ರಿ!"

ಸಾಹೇಬರು "ಎಡ ಮೀಸೆ, ಪರಿಶೀಲಿಸಿ" ಎಂದು ಬರೆದುಕೊಂಡರು. ಊರೆಲ್ಲ ಹೆದರಿತು. ಹೈಸ್ಕೂಲಿನ ವಿಜ್ಞಾನದ ಅಕ್ಕೋರು ರಂಜನಾ ಅವರನ್ನು ಕರೆಸಿದೆವು.

"ಹೆದರಬ್ಯಾಡ್ರಿ," ಅಂದರು ಅಕ್ಕೋರು. "ಒಂದು ಸಲ ನಿಂತರ ಒಂದು ಬಾಳಿಹಣ್ಣು ತಿಂದಷ್ಟ ವಿಕಿರಣ. ಬಾಳಿಹಣ್ಣಿನ್ಯಾಗೂ ಒಂದಿಷ್ಟು ಇರ್ತದ."

ಪಾಪ, ಜನರಿಗೆ ಧೈರ್ಯ ಬರಲಿ ಎಂದು ಹೇಳಿದರು. ಸಾಹೇಬರು ಸಂಜೆಯೊಳಗೆ ಪ್ರಕಟಣೆ ಅಂಟಿಸಿದರು:

"ಯಂತ್ರದೊಳಗೆ ನಿಲ್ಲಲು ಇಚ್ಛಿಸದ ರೈತರು ಅದರ ಬದಲಿಗೆ ಅಧಿಕಾರಿಗಳ ಸಮಕ್ಷಮ ಒಂದು ಬಾಳೆಹಣ್ಣು ತಿನ್ನತಕ್ಕದ್ದು. ಎರಡರ ವಿಕಿರಣವೂ ಸಮವಿರುವುದರಿಂದ ಯಾರಿಗೂ ಅನ್ಯಾಯವಾಗುವುದಿಲ್ಲ. ಕರೆಂಟ್ ಇಲ್ಲದಾಗ ಅರ್ಧ ಹಣ್ಣು. ಅನಾರೋಗ್ಯದವರ ಪರವಾಗಿ ಮನೆಯ ಸದಸ್ಯರು ತಿನ್ನಬಹುದು. ಸಿಪ್ಪೆಯನ್ನು ಕಡತಕ್ಕೆ ಲಗತ್ತಿಸುವುದು."

"ಬಾಳಿಹಣ್ಣು ತಿಂದರ ಚೀಲ ಕದ್ದದ್ದು ಹ್ಯಾಂಗ್ ಗೊತ್ತಾಗ್ತದರಿ?" ಎಂದು ಅಕ್ಕೋರು ಕೇಳಿದರು.

"ಅದು ಬ್ಯಾರೆ ವಿಭಾಗದ್ದರಿ," ಅಂದರು ಸಾಹೇಬರು.

ಮಲಿಕಸಾಬ ಬಾಳೆಹಣ್ಣಿನ ಗಾಡಿಯನ್ನು ನಮ್ಮ ಗೇಟಿಗೇ ತಂದು ನಿಲ್ಲಿಸಿದ. ಯಂತ್ರದೊಳಗೆ ಯಾರೂ ನಿಲ್ಲದ್ದರಿಂದ, ತಂಪಿರುತ್ತದೆಂದು ಗೊನೆಗಳನ್ನು ಅದರೊಳಗೇ ತೂಗುಹಾಕಿದ. ಗೊನೆಗೆ ಕೈಗಳಿಲ್ಲದ ಕಾರಣ ಎತ್ತುವ ಅಗತ್ಯವಿಲ್ಲವೆಂದು ಸಾಹೇಬರು ವಿನಾಯಿತಿ ಕೊಟ್ಟರು. ಸಿಪ್ಪೆಯ ಕಡತಗಳಿಗೆ ಇರುವೆಗಳು ಮುತ್ತಿ ನನ್ನ ತೊಡೆ ಕಚ್ಚಿ ತಿಂದವು, ಅದನ್ನು ಮಾತ್ರ ಯಾರೂ ಕೇಳಲಿಲ್ಲ.

ಆಗ ಹನಮವ್ವ ಬಂದಳು. ಮಿರಗದ, ಅಂದರೆ ಮೃಗಶಿರದ, ಮಳೆಯಾಗಿ ಆಕೆಯ ಮೂರೆಕರೆ ಎರೆಮಣ್ಣಿನ ಹೊಲ ಹದಕ್ಕೆ ಬಂದಿತ್ತು. ಎರಡು ದಿನದಲ್ಲಿ ಬಿತ್ತದಿದ್ದರೆ ಹಸಿ ಆರಿ, ಆ ವರ್ಷದ ಹೆಸರು ಹೋದಂತೆಯೇ. ಚಕ್ಕಡಿಯಿಂದ ಬಿದ್ದಾಗಿನಿಂದ ಆಕೆಯ ಬಲಗೈ ಮೇಲೇಳುವುದಿಲ್ಲ. ಸಕ್ಕರೆ ಕಾಯಿಲೆ, ಬಾಳೆಹಣ್ಣು ವರ್ಜ್ಯ. ಮನೆಯಲ್ಲಿ ಬೇರೆ ಯಾರೂ ಇಲ್ಲ.

"ಎರಡೂ ಕೈ ಎತ್ತಬೇಕಂತ ನಿಯಮ ಅದಬೇ ಯವ್ವಾ," ಅಂದರು ಸಾಹೇಬರು.

"ಗೊನಿಗೆ ಕೈನ ಇಲ್ಲ, ಅದು ಒಳಗ ನಿಂತೈತಿ. ನನಗ ಒಂದರ ಐತಲ್ರಿ!"

"ಗೊನಿ ಬೀಜ ಕೇಳಲಿಕ್ಕೆ ಬಂದಿಲ್ಲ."

"ನಿಮ್ಮ ನಿಯಮಕ್ಕ ಬೆಂಕಿ ಹತ್ತಲಿ!" ಎಂದು ಹೋದಳು. ಮರುದಿನ ಮತ್ತೆ ಬಂದು, ಯಂತ್ರದ ಮುಂದೆ ಕೂತು ಅತ್ತೇಬಿಟ್ಟಳು. ಚೀಲ ಕೊಟ್ಟುಬಿಡೋಣವೆಂದು ಅರ್ಧ ಎದ್ದೆ. ಆದರೆ ನಾನು ಗುಮಾಸ್ತ. ಮಲಿಕಸಾಬ ಮರುಗಿ ಒಂದು ಹಣ್ಣು ತಂದು ಆಕೆಯ ಕೈಗಿಟ್ಟ. "ಒಂದ ತುತ್ತರ ತಿನ್ನಬೇ ಅಕ್ಕಾ, ಬೀಜ ಸಿಗತೈತಿ."

ಆಕೆ ಬಾಯಿ ತೆರೆಯುವಷ್ಟರಲ್ಲಿ, ಬೆನ್ನುಹತ್ತಿ ಬಂದಿದ್ದ ಆಕೆಯ ಚಿಗರಿ ಎಂಬ ಆಡು ಹಣ್ಣನ್ನು ಸಿಪ್ಪೆಸಮೇತ ಕಿತ್ತು ತಿಂದಿತು.

ಸಾಹೇಬರು ಕನ್ನಡಕ ಏರಿಸಿಕೊಂಡರು. "ಇದು ನಿಮ್ಮ ಮನೀ ಸದಸ್ಯನೋ?"

"ನನ್ನ ಬಾಜೂಕನ ಮಲಗತೈತ್ರಿ. ಅದನ್ನ ಬಿಟ್ರ ನನಗ ಯಾರದಾರ?"

"ಹಂಗಾರ ನಿಯಮದ ಪ್ರಕಾರ ಸರಿ. ಬೀಜ ಕೊಡ್ರಿ." ನಾನು ಓಡಿ ಚೀಲ ತಂದೆ. ಅಷ್ಟರಲ್ಲಿ ಸಾಹೇಬರು ಕೈ ಅಡ್ಡ ಹಿಡಿದರು. "ಸಿಪ್ಪಿ ಎಲ್ಲಿ?"

ಸಿಪ್ಪೆ ಆಡಿನ ಹೊಟ್ಟೆಯಲ್ಲಿತ್ತು. ಆದ್ದರಿಂದ ಆಡನ್ನೇ ಕಡತಕ್ಕೆ ಲಗತ್ತಿಸಲಾಯಿತು. ಅಂದರೆ ಕಡತವಿದ್ದ ಕಪಾಟಿನ ಕಾಲಿಗೆ ಕಟ್ಟಲಾಯಿತು.

ಹನಮವ್ವ ಒಮ್ಮೆ ಚೀಲ ನೋಡಿದಳು, ಒಮ್ಮೆ ಚಿಗರಿಯನ್ನು ನೋಡಿದಳು. "ಅದು ಗಬ್ಬ ಐತ್ರಿ ಸಾಹೇಬ್ರ, ಜ್ವಾಕಿ," ಎಂದು ಕಣ್ಣೊರೆಸಿಕೊಂಡು, ಚೀಲ ಹೊತ್ತು ಹೊಲಕ್ಕೆ ಓಡಿದಳು.

ಹೆಸರು ಚಲೋ ಬಂತು. ಕಾಯಿ ಬಿಡಿಸುವ ಹೊತ್ತಿಗೆ ಕಡತ ಎರಡು ಮರಿ ಹಾಕಿತು. ಅವನ್ನು ಅನುಬಂಧ ಒಂದು, ಅನುಬಂಧ ಎರಡು ಎಂದು ದಾಖಲಿಸಿದೆ. ಹನಮವ್ವ ಬಂದು ಮೂರನ್ನೂ ವಾಪಸು ಕೇಳಿದಳು.

"ಕಡತ ಐದು ವರ್ಷ ಕಚೇರಿಯೊಳಗ ಇರಬೇಕು. ಅನುಬಂಧ ಬ್ಯಾರೆ ಮಾಡಲಿಕ್ಕೆ ಬರೂದಿಲ್ಲ," ಅಂದರು ಸಾಹೇಬರು.

ಆಕೆ ಚಿಗರಿಯ ಕೆಚ್ಚಲು ಮುಟ್ಟಿ ನೋಡಿದಳು. "ಹಂಗಾರ ಇರಲ್ರಿ. ಮೇವು ನಿಮ್ಮದು, ಹಾಲು ನಂದು."

ಸಾಹೇಬರು "ಒಪ್ಪಿದೆ" ಎಂದು ಬರೆದು ಸಹಿ ಹಾಕಿದರು. ಈಗ ಆಕೆ ದಿನಾ ಎರಡು ಹೊತ್ತು ಬಂದು ಕಡತ ಹಿಂಡಿಕೊಂಡು ಹೋಗುತ್ತಾಳೆ. ಅನುಬಂಧಗಳು ಸ್ಕ್ಯಾನರಿನೊಳಗೆ ಮಲಗುತ್ತವೆ, ವಿಕಿರಣದ ಬಗ್ಗೆ ಅವು ಇದುವರೆಗೆ ತಕರಾರು ತೆಗೆದಿಲ್ಲ. ರಂಜನಾ ಅಕ್ಕೋರು ಯಾವುದನ್ನೂ ಯಾವುದಕ್ಕೂ ಹೋಲಿಸುವುದನ್ನು ಬಿಟ್ಟಿದ್ದಾರೆ. ಹನಮವ್ವ ಹೋದ ವಾರ ಕಡಲೆ ಬೀಜಕ್ಕೆ ಬಂದಾಗ ಕಡತ ಹಾಜರಿದ್ದುದರಿಂದ ಎರಡೇ ನಿಮಿಷದಲ್ಲಿ ಕೆಲಸವಾಯಿತು. ಮರುದಿನದಿಂದ ಊರಿನವರೆಲ್ಲ ಮನೆಯ ಆಡು ಹಿಡಿದುಕೊಂಡೇ ಬರುತ್ತಿದ್ದಾರೆ. ಈ ವಾರ ನಲವತ್ತಾರು ಕಡತಗಳು ಸೇರಿವೆ, ಅವಕ್ಕೆಲ್ಲ ಸೊಪ್ಪು ತರುವವನು ನಾನೊಬ್ಬನೇ.