ಮೇಲಿನಿಂದ ಕಂಡ ಹೊಂಗನೂರು

ಒಂದು ಟೈರು ಒಡೆದದ್ದೇ ಎಲ್ಲಕ್ಕೂ ಕಾರಣ. ಹೊಂಗನೂರಿನ ಪಕ್ಕ ಫ್ಯಾಕ್ಟರಿಗೆಂದು ಸಮ ಮಾಡಿಟ್ಟಿದ್ದ ಬಯಲಿಗೆ ಒಂದು ಬೆಳಿಗ್ಗೆ ಇಬ್ಬರು ಕೂರುವಂಥ ಪುಟ್ಟ ವಿಮಾನ ಇಳಿಯಿತು. ನೆಲ ಮುಟ್ಟಿದ ಕೂಡಲೇ ಟೈರು ಢಮ್ಮೆಂದಿತು. ವಿಮಾನ ಬೆದರಿದ ಹೋರಿಯಂತೆ ಅಡ್ಡಾದಿಡ್ಡಿ ಓಡಿ, ಮರಿಯಪ್ಪನ ಹಿಪ್ಪುನೇರಳೆ ತೋಟಕ್ಕೆ ಮೂಗು ತೂರಿಸಿ ನಿಂತಿತು.

ಮರಿಯಪ್ಪನ ರೇಷ್ಮೆಹುಳುಗಳು ಕೊನೆಯ ಪೊರೆ ಬಿಡುವ ನಾಲ್ಕನೇ ಜ್ವರದಿಂದೆದ್ದು ಬಕಾಸುರರಾಗಿದ್ದವು. ಹಗಲಿರುಳು ಸೊಪ್ಪು ಹಾಕಿ ಹಾಕಿ ಅವನು ನಾಲ್ಕು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ತೋಟದಲ್ಲಿ ವಿಮಾನ ಕಂಡಾಗ ಕನಸಿರಬೇಕು ಎಂದುಕೊಂಡು ಅದರ ರೆಕ್ಕೆ ಸವರುತ್ತ ನಿಂತ. ಚಿಕ್ಕಂದಿನಿಂದ ಅವನಿಗಿದ್ದದ್ದು ಒಂದೇ ಆಸೆ. ಹಕ್ಕಿಗೆ ಕಾಣುವ ಊರನ್ನು ತಾನೂ ಒಮ್ಮೆ ನೋಡಬೇಕು.

ಪೈಲಟ್ ಗಾಯವಿಲ್ಲದೆ ಇಳಿದು ಬಂದ. "ಸೊಪ್ಪೆಲ್ಲ ಹಾಳಾಯ್ತು ಯಜಮಾನ್ರೆ. ಏನು ಕೊಡಲಿ ಹೇಳಿ."

ಹೆಂಡತಿ ಚಿಕ್ಕಲಕ್ಷ್ಮಮ್ಮ ಬಾಯಿ ತೆರೆಯುವ ಮೊದಲೇ ಮರಿಯಪ್ಪ ಹೇಳಿಬಿಟ್ಟ. "ಏನೂ ಬ್ಯಾಡ ಸ್ವಾಮಿ. ಒಂದ್ ಸುತ್ತು ಮ್ಯಾಲಕ್ಕೆ ಕರ್ಕೊಂಡೋಗಿ, ಸಾಕು."

"ಹುಳ ಏನ್ ತಿಂತವೆ, ಗಾಳಿನಾ?" ಎನ್ನುತ್ತ ಅವಳು ಸೆರಗು ಸಿಕ್ಕಿಸಿ ಪಕ್ಕದ ತೋಟದವರಲ್ಲಿ ಸೊಪ್ಪು ಕೇಳಲು ಹೊರಟಳು.

ಬೆಂಗಳೂರಿನಿಂದ ಹೊಸ ಟೈರು ಬರುವಷ್ಟರಲ್ಲಿ ಊರೆಲ್ಲ ಮರಿಯಪ್ಪನಿಗೆ ಕೆಲಸ ಹಚ್ಚಿತ್ತು. "ನಮ್ಮಣ್ಣ ಬದು ಒತ್ತರಿಸವ್ನೋ ಇಲ್ವೋ, ಮ್ಯಾಲಿಂದ ಒಸಿ ನೋಡ್ಕಂಬಾರ್ಲಾ" ಎಂದ ದೊಡ್ಡಹನುಮಯ್ಯ. "ತಪ್ಪಿಸ್ಕೊಂಡಿರೋ ನಮ್ಮೆಮ್ಮೆ ಎಲ್ಲೈತೆ ನೋಡಪ್ಪ" ಎಂದಳು ಸಿದ್ದಮ್ಮ. ಮರಿಯಪ್ಪ ಎಲ್ಲರಿಗೂ ತಲೆಯಾಡಿಸಿದ.

ಸಂಜೆ ವಿಮಾನ ಹೊರಟಿತು. ಸೀಟು ಮೆತ್ತಗಿತ್ತು. ಎಂಜಿನ್ನು ಜೋಗುಳದಂತೆ ಗುಂಯ್‌ಗುಡುತ್ತಿತ್ತು. ಚಕ್ರ ನೆಲ ಬಿಡುವ ಮೊದಲೇ ಮರಿಯಪ್ಪನ ಕಣ್ಣು ಮುಚ್ಚಿಕೊಂಡಿತು. ತೆರೆದಾಗ ಪೈಲಟ್ ಭುಜ ಅಲ್ಲಾಡಿಸುತ್ತಿದ್ದ.

"ಇಳೀರಿ ಯಜಮಾನ್ರೆ. ಮೂರು ಸುತ್ತು ಆಯ್ತು."

ಮರಿಯಪ್ಪನಿಗೆ ಅಳುವೇ ಬಂತು. ಆದರೆ ಊರಿಗೂರೇ ಎದುರಿಗೆ ನಿಂತಿತ್ತು. "ಬದು ನೆಟ್ಟಗೈತೆ" ಎಂದ. "ಎಮ್ಮೆ ಚನ್ನಪಟ್ಟಣದ ಕಡೀಕೆ ಹೋಯ್ತಿತ್ತು" ಎಂದ. ಜನ ನಂಬಿ ಚದುರಿದರು. ಸುಳ್ಳು ಇಷ್ಟು ಸಲೀಸಾಗಿ ನಡೆಯುವುದನ್ನು ಕಂಡು ಅವನಿಗೆ ಧೈರ್ಯ ಬಂತು.

ಮನೆಯಲ್ಲಿ ಚಿಕ್ಕಲಕ್ಷ್ಮಮ್ಮ ಮುಖ ಊದಿಸಿಕೊಂಡು ಕೂತಿದ್ದಳು. ಮರಿಯಪ್ಪ ಮೆಲ್ಲಗೆ ಪಕ್ಕದಲ್ಲಿ ಕೂತ.

"ಮ್ಯಾಲಿಂದ ಎಲ್ಲಾರ್ಗಿಂತ ಮೊದ್ಲು ನಿನ್ನೇ ಕಂಡೆ ಕಣಮ್ಮಿ. ಕೆಂಪು ಸೀರೆ ಉಟ್ಕಂಡು ಬಾವಿ ತಾವ ನಿಂತಿದ್ದೆ. ಏನ್ ಚೆಂದಾಗಿ ಕಾಣ್ತಿದ್ದೆ. ನೀನು ಕೈ ಬೀಸ್ದೆ, ನಾನೂ ಬೀಸ್ದೆ."

ಅವಳು ನಿಧಾನವಾಗಿ ಅವನ ಕಡೆ ತಿರುಗಿದಳು.

"ಮಧ್ಯಾಹ್ನದಿಂದ ನಾನು ಹುಳದ ಮನೆ ಬುಟ್ಟು ಆಚ್ಗೇ ಬಂದಿಲ್ಲ" ಎಂದಳು. "ಯಾರವ್ಳು, ಕೆಂಪು ಸೀರೆಯವ್ಳು?"