ದಾದಿಯರ ಕೊರತೆ ನೀಗಿದ ಬಗೆ

ಜಿಲ್ಲಾ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ದಾದಿಯರ ತೀವ್ರ ಕೊರತೆ ಇದ್ದುದರಿಂದ, ಆ ವಾರ್ಡಿನ ಹಿರಿಯ ಸಿಸ್ಟರನ್ನು ವಿದೇಶಕ್ಕೆ ಕಳುಹಿಸಲು ಆಡಳಿತ ಮಂಡಳಿಯು ಒಮ್ಮತದಿಂದ ತೀರ್ಮಾನಿಸಿತು.

ತೀರ್ಮಾನದ ಹಿಂದೆ ಆಳವಾದ ಚಿಂತನೆ ಇತ್ತು. ದಾದಿಯರು ಸಾಲುತ್ತಿಲ್ಲ, ಕೊಡಿ ಎಂದು ಮೇಲಿನವರನ್ನು ಕೇಳಿದರೆ ಅದು ಬೇಡಿಕೆ. ಇರುವ ದಾದಿಯನ್ನೂ ಹೊರದೇಶದ ಹಳ್ಳಿಯೊಂದಕ್ಕೆ ಸೇವೆಗೆಂದು ಕಳುಹಿಸಿಕೊಟ್ಟರೆ ಅದು ಔದಾರ್ಯ. ಬೇಡಿಕೆ ಇಟ್ಟ ಆಸ್ಪತ್ರೆಯ ಕಡತ ಎಲ್ಲೋ ಧೂಳು ತಿನ್ನುತ್ತಾ ಕೂರುತ್ತದೆ. ಔದಾರ್ಯ ತೋರಿದ ಆಸ್ಪತ್ರೆಯ ಅಧೀಕ್ಷಕರನ್ನು ಸಮ್ಮೇಳನಕ್ಕೆ ಕರೆದು ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಅಧೀಕ್ಷಕರು ಎರಡನ್ನೂ ತೂಗಿ ನೋಡಿ, ಸ್ವಂತ ಲಾಭವನ್ನು ಕಿಂಚಿತ್ತೂ ಲೆಕ್ಕಿಸದೆ, ಎರಡನೆಯದನ್ನು ಆರಿಸಿಕೊಂಡರು.

ಸಿಸ್ಟರಿಗೂ ಹೋಗುವ ಮನಸ್ಸಿತ್ತು. ಅವಳ ಆಸೆ ದೊಡ್ಡದೇನಲ್ಲ. ಅವಳ ವಾರ್ಡಿನಲ್ಲಿ ಮಂಚದ ಮೇಲೆ ಇಬ್ಬರು, ಕೆಳಗೆ ಚಾಪೆಯ ಮೇಲೆ ಒಬ್ಬರು. ಒಬ್ಬಳಿಗೆ ನೋವು ಏರುತ್ತಿದ್ದರೆ ಆಚೆ ಮಂಚದವಳ ಮಗುವಿನ ತಲೆ ಕಾಣುತ್ತಿರುತ್ತದೆ. "ಸಿಸ್ಟರ್, ಸ್ವಲ್ಪ ಕೈ ಹಿಡ್ಕೊಳ್ಳಿ" ಎಂದವರಿಗೆಲ್ಲ "ಬಂದೆ ಇರಮ್ಮ" ಎಂದು ಹೇಳಿ ಓಡುತ್ತಿದ್ದಳು. ತಿರುಗಿ ಬರುವಷ್ಟರಲ್ಲಿ ಮಗುವೇ ಬಂದಿರುತ್ತಿತ್ತು. ಒಂದೇ ಒಂದು ಸಲ, ಒಬ್ಬಳೇ ಒಬ್ಬ ಹೆಂಗಸಿನ ಪಕ್ಕದಲ್ಲಿ ಮೊದಲ ನೋವಿನಿಂದ ಮಗು ಅಳುವವರೆಗೆ ಕೈ ಬಿಡದೆ ಕೂರಬೇಕು ಎನ್ನುವುದು ಅವಳ ಬಹಳ ದಿನದ ಬಯಕೆ. ಸಣ್ಣ ಹಳ್ಳಿಯಲ್ಲಾದರೆ ಅದು ನಡೆದೀತು ಅಂದುಕೊಂಡಳು.

"ಇಲ್ಲಿ ಹೆರೋರು ಸಾಲದೇನೇ?" ಎಂದು ಅತ್ತೆ ಕೇಳಿದರು.

"ಇಲ್ಲಿ ಜಾಸ್ತಿ ಇದ್ದಾರೆ ಅತ್ತೆ. ಅದಕ್ಕೇ ಹೋಗ್ತಿರೋದು."

"ಮತ್ತೆ ನನ್ನ ಮಂಡಿಗೆ ಮುಲಾಮು ತಿಕ್ಕೋರು?"

"ನಿಮ್ಮ ಮಗ ಇದ್ದಾರಲ್ಲ."

"ಅವನು ತಿಕ್ಕಿದ್ರೆ ಇರೋ ಮಂಡೀನೂ ಹೋಗುತ್ತೆ."

ಗಂಡ ಪೇಪರಿನಿಂದ ತಲೆ ಎತ್ತದೆ, "ಹೋಗಿ ಬರ್ಲಿ ಬಿಡಮ್ಮ" ಅಂದ. ಹೀಗೆ ಕುಟುಂಬದ ಒಪ್ಪಿಗೆಯೂ ದೊರೆಯಿತು.

ಆ ಹಳ್ಳಿಯ ಆರೋಗ್ಯ ಕೇಂದ್ರ ಊರಾಚೆ ದಿಬ್ಬದ ಮೇಲಿತ್ತು. ಎರಡು ಕೋಣೆ, ಒಂದು ವರಾಂಡ, ವರಾಂಡದಲ್ಲಿ ಕಾಲೊಂದು ಗಿಡ್ಡವಾದ ಬೆಂಚು. ಹೆರಿಗೆ ಕೋಣೆಯ ಮೇಜು ಹೊಚ್ಚ ಹೊಸದು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಬಿಚ್ಚಿರಲಿಲ್ಲ. ಗೋಡೆಯ ತುಂಬ ಹಿಂದೆ ಬಂದುಹೋದ ಸ್ವಯಂಸೇವಕರ ಫೋಟೋಗಳು. ಎಲ್ಲರೂ ಒಂದೇ ಮಗುವನ್ನು ಎತ್ತಿಕೊಂಡಿದ್ದರು. ಫೋಟೋದಿಂದ ಫೋಟೋಗೆ ಆ ಮಗು ಬೆಳೆಯುತ್ತಾ ಹೋಗಿ, ಕೊನೆಯ ಫೋಟೋದಲ್ಲಿ ತಾನೇ ಒಬ್ಬ ಸ್ವಯಂಸೇವಕಿಯನ್ನು ಎತ್ತಿಕೊಂಡು ನಿಂತಿತ್ತು.

ಕೇಂದ್ರದ ಸಂಯೋಜಕರು ಅವಳನ್ನು ಬರಮಾಡಿಕೊಂಡರು. ಅವರಿಗೆ ನಮ್ಮ ಭಾಷೆ ಬಾರದು. ಅದಕ್ಕಾಗಿ ಒಬ್ಬ ದುಭಾಷಿಯನ್ನು ನೇಮಿಸಿಕೊಂಡಿದ್ದರು. ಈ ದುಭಾಷಿ ನಮ್ಮ ಭಾಷೆಯನ್ನು ಸ್ವಂತ ಪರಿಶ್ರಮದಿಂದ ಕಲಿತವನು. ಕಲಿಯಲು ಅವನಿಗೆ ಸಿಕ್ಕಿದ್ದು ಹಳೆಯ ಸರ್ಕಾರಿ ಸುತ್ತೋಲೆಗಳ ಒಂದು ಕಟ್ಟು ಮಾತ್ರ.

"ಸದರಿ ಕೇಂದ್ರಕ್ಕೆ ತಮ್ಮ ಆಗಮನವನ್ನು ಗಮನಿಸಲಾಗಿದೆ" ಎಂದು ಅವನು ಪ್ರೀತಿಯಿಂದ ಹೇಳಿದ. ಆಮೇಲೆ ಬಾಗಿಲ ಪಕ್ಕದ ಸೂಚನಾ ಫಲಕವನ್ನು ಓದಿ ಹೇಳಿದ:

"ಸ್ವಯಂಸೇವಕ ದಾದಿಯರು ತೂಕ ನೋಡಬಹುದು, ಎತ್ತರ ಅಳೆಯಬಹುದು, ಮುಗುಳ್ನಗಬಹುದು. ಚಿಕಿತ್ಸೆ ನೀಡತಕ್ಕದ್ದಲ್ಲ. ಅರ್ಹತೆಯ ಪರಿಶೀಲನೆ ಮುಗಿದ ಕೂಡಲೇ ಚಿಕಿತ್ಸೆಗೆ ಅನುಮತಿ ನೀಡಲಾಗುವುದು. ಪರಿಶೀಲನೆಯು ಸ್ವಯಂಸೇವಕರು ಸ್ವದೇಶಕ್ಕೆ ಮರಳಿದ ತರುವಾಯ ಆರಂಭವಾಗುವುದು."

"ಹಾಗಾದ್ರೆ ಇಲ್ಲಿ ಹೆರಿಗೆ ಮಾಡಿಸೋರು ಯಾರು?"

ಸಂಯೋಜಕರು ಏನೋ ಹೇಳಿದರು. "ಖಾಯಂ ದಾದಿಯೊಬ್ಬರು ಇರುತ್ತಾರೆ" ಎಂದ ದುಭಾಷಿ. "ಪ್ರಸ್ತುತ ಅವರನ್ನು ಸೇವಾರ್ಥವಾಗಿ ಪರದೇಶಕ್ಕೆ ಕಳುಹಿಸಲಾಗಿದೆ."

"ಯಾಕೆ?"

"ಇಲ್ಲಿ ದಾದಿಯರ ಕೊರತೆ ಇರುವ ಪ್ರಯುಕ್ತ."

ತರ್ಕದಲ್ಲಿ ತಪ್ಪು ಹುಡುಕುವ ಹಾಗಿರಲಿಲ್ಲ.

ಅವಳಿಗೆ ಆ ಖಾಯಂ ದಾದಿಯ ಮನೆಯಲ್ಲೇ ವಸತಿ ಗೊತ್ತುಮಾಡಿದ್ದರು. ಮನೆಯಲ್ಲಿ ದಾದಿಯ ಅತ್ತೆ ಒಬ್ಬರೇ. ಮುದುಕಿ ಇವಳನ್ನು ಮೇಲಿಂದ ಕೆಳಗೆ ನೋಡಿ, ಕುರ್ಚಿಯಲ್ಲಿ ಕೂತು, ಸೀರಿಯಸ್ಸಾಗಿ ತನ್ನ ಮಂಡಿಯತ್ತ ಬೆರಳು ತೋರಿಸಿದಳು. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

ಮಾರನೆಯ ದಿನದಿಂದ ಸಿಸ್ಟರ್ ತೂಕ ನೋಡಲು ಶುರುಮಾಡಿದಳು. ಊರಿನವರೆಲ್ಲ ಬಂದು ತೂಗಿಸಿಕೊಂಡರು. ಮತ್ತೆ ಬಂದರು, ಮತ್ತೆ ತೂಗಿಸಿಕೊಂಡರು. ಕೆಲವರು ಆಡು, ಕೋಳಿಗಳನ್ನೂ ತಂದರು. ಬಸುರಿಯರು ಬಂದರೆ ತೂಕ ನೋಡಿ, ಮುಗುಳ್ನಕ್ಕು, ಕೇಂದ್ರದ ವ್ಯಾನಿನಲ್ಲಿ ದೂರದ ಪಟ್ಟಣಕ್ಕೆ ಕಳುಹಿಸಬೇಕಿತ್ತು.

ಹಾಗೆ ಬರುತ್ತಿದ್ದವರಲ್ಲಿ ಬಡಗಿಯ ಹೆಂಡತಿ ಒಬ್ಬಳು. ತೂಕ ನೋಡಿದ ಮೇಲೂ ಆ ಗಿಡ್ಡ ಕಾಲಿನ ಬೆಂಚಿನ ಮೇಲೆ ಕೂತು ಹರಟುತ್ತಿದ್ದಳು. ಸಿಸ್ಟರ್ ಅಲ್ಲಿನ ಮಾತು ಕಲಿತದ್ದೇ ಅವಳಿಂದ. ಮಾತು ಬಂದ ಮೇಲೆ ತಿಳಿಯಿತು: ಹಿಂದಿನ ಸಲ ಪಟ್ಟಣದ ದಾರಿಯಲ್ಲಿ, ಅದೇ ವ್ಯಾನಿನಲ್ಲಿ, ಅವಳು ಮಗುವನ್ನು ಕಳೆದುಕೊಂಡಿದ್ದಳು.

"ಈ ಸಲ ನಾನು ವ್ಯಾನ್ ಹತ್ತಲ್ಲ ಅಕ್ಕ" ಎಂದಳು ಬಡಗಿಯ ಹೆಂಡತಿ. "ನೀವಿದೀರಲ್ಲ."

ತಾನು ಇದ್ದೂ ಇಲ್ಲದವಳು ಎಂದು ಹೇಳಲು ಸಿಸ್ಟರಿಗೆ ಬಾಯಿ ಬರಲಿಲ್ಲ. ನಿಯಮದ ಪ್ರಕಾರ ಮುಗುಳ್ನಕ್ಕಳು.

ಈ ನಡುವೆ ಗಂಡನ ಫೋನು ಬಂತು.

"ನಿನ್ನ ಜಾಗಕ್ಕೆ ಫಾರಿನ್ ಸಿಸ್ಟರ್ ಬಂದಿದ್ದಾಳೆ ಕಣೆ. ಎಲ್ಲರ ತೂಕ ನೋಡ್ತಾಳೆ, ನಗ್ತಾಳೆ. ಜನಕ್ಕೆ ತುಂಬ ಇಷ್ಟ."

"ಎಲ್ಲಿ ಉಳ್ಕೊಂಡಿದ್ದಾಳೆ?"

"ಆಸ್ಪತ್ರೆ ಗೆಸ್ಟ್ ಹೌಸ್ ಸೋರುತ್ತಂತೆ. ನಮ್ಮನೇಲೇ ಇದ್ದಾಳೆ. ನಾನು ಹಾಲ್‌ನಲ್ಲಿ ಮಲಗ್ತಿದೀನಿ."

"ಅತ್ತೆ ಏನಂತಾರೆ?"

"ಮಂಡಿ ಹಗುರಾಗಿದೆ ಅಂತಾರೆ."

ಸಿಸ್ಟರ್ ಆ ಫಾರಿನ್ ಸಿಸ್ಟರಿನ ಊರು ಯಾವುದೆಂದು ಕೇಳಿದಳು. ಗಂಡ ಒಳಗೆ ಹೋಗಿ ಕೇಳಿಕೊಂಡು ಬಂದು ಹೇಳಿದ. ಸಿಸ್ಟರ್ ಆಗ ಆ ಊರಿನಲ್ಲೇ, ಆ ಸಿಸ್ಟರಿನ ಮಂಚದ ಮೇಲೇ ಕೂತಿದ್ದಳು.

ಬೆಳಗ್ಗೆ ಎದ್ದವಳೇ ಸಂಯೋಜಕರ ಹತ್ತಿರ ಹೋದಳು. ಇಬ್ಬರೂ ಅವರವರ ಜಾಗಕ್ಕೆ ವಾಪಸ್ಸು ಹೋಗಿಬಿಟ್ಟರೆ ಎರಡೂ ಕಡೆ ಹೆರಿಗೆ ಮಾಡಿಸಲು ಜನ ಸಿಕ್ಕಂತಾಗುತ್ತದಲ್ಲ ಎಂದು ಅಲ್ಲಿಯ ಮಾತಿನಲ್ಲೇ ಕೇಳಿದಳು. ನಿಯಮದ ಪ್ರಕಾರ ಉತ್ತರ ದುಭಾಷಿಯ ಮೂಲಕವೇ ಬಂತು.

"ತಾವು ಇಲ್ಲಿಯೂ ಅವರು ಅಲ್ಲಿಯೂ ಇದ್ದಲ್ಲಿ ಇಬ್ಬರು ಅಂತರರಾಷ್ಟ್ರೀಯ ಸ್ವಯಂಸೇವಕರು. ತಾವು ಅಲ್ಲಿಯೂ ಅವರು ಇಲ್ಲಿಯೂ ಇದ್ದಲ್ಲಿ ಇಬ್ಬರು ದಾದಿಯರು ಮಾತ್ರ. ಇಷ್ಟು ದೊಡ್ಡ ನಷ್ಟವನ್ನು ಭರಿಸುವ ಶಕ್ತಿ ಈ ಕೇಂದ್ರಕ್ಕೆ ಇರುವುದಿಲ್ಲ."

ಬಡಗಿಯ ಹೆಂಡತಿಗೆ ನೋವು ಶುರುವಾದದ್ದು ಒಂದು ಮಧ್ಯಾಹ್ನ. ಅವಳಿಗೆ ವ್ಯಾನ್ ಹತ್ತುವ ಮನಸ್ಸಿದ್ದಿದ್ದರೂ ವ್ಯಾನ್ ಇರಲಿಲ್ಲ. ಹೊಸ ಸ್ವಯಂಸೇವಕರೊಬ್ಬರನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋಗಿತ್ತು. ಬಡಗಿ ಹಲಗೆ ಸಾಗಿಸುವ ಕೈಗಾಡಿಯಲ್ಲಿ ಅವಳನ್ನು ಕೂರಿಸಿ ದಿಬ್ಬ ಹತ್ತಿಸಿಕೊಂಡು ಬಂದ. ಅವಳು ಕೂಗುತ್ತಿದ್ದಳು.

"ಅರ್ಜಿದಾರರು ತಮಗೆ ತೀವ್ರ ಅನಾನುಕೂಲ ಉಂಟಾಗಿರುವುದನ್ನು ತಮ್ಮ ಅವಗಾಹನೆಗೆ ತರಬಯಸುತ್ತಾರೆ" ಎಂದ ದುಭಾಷಿ. ಅವಳು ಇನ್ನೊಮ್ಮೆ ಕೂಗಿದಳು. "ತಮ್ಮ ಪತಿಯವರ ಮೇಲೆ ಶಿಸ್ತುಕ್ರಮ ಜರುಗಿಸಬೇಕಾಗಿಯೂ ಕೋರಿರುತ್ತಾರೆ."

ಸಿಸ್ಟರ್ ಮೇಜಿನ ಪ್ಲಾಸ್ಟಿಕ್ ಹೊದಿಕೆಯನ್ನು ಹರಿದು ಎಸೆದಳು. ಸಂಯೋಜಕರು ಅಡ್ಡ ನಿಂತು ಸೂಚನಾ ಫಲಕದ ಕೊನೆಯ ಸಾಲು ತೋರಿಸಿದರು. ತುರ್ತಿನಲ್ಲೂ ಖಾಯಂ ದಾದಿಯ ಮೇಲ್ವಿಚಾರಣೆ ಇಲ್ಲದೆ ಸ್ವಯಂಸೇವಕರು ಮುಟ್ಟುವಂತಿಲ್ಲ.

"ಮೇಲ್ವಿಚಾರಣೆ ಮಾಡೋರು ಎಲ್ಲಿರಬೇಕು ಅಂತ ಬರೆದಿದೆಯಾ?" ಎಂದು ಸಿಸ್ಟರ್ ಕೇಳಿದಳು.

ಸಂಯೋಜಕರು ಫಲಕವನ್ನು ಮೇಲಿನಿಂದ ಓದಿಕೊಂಡು ಬಂದರು. ಹಾಗೇನೂ ಬರೆದಿರಲಿಲ್ಲ.

ಸಿಸ್ಟರ್ ತನ್ನ ವಾರ್ಡಿಗೇ ಫೋನು ಮಾಡಿದಳು. ಫೋನೆತ್ತಿದ ದನಿ ನಮ್ಮ ಮಾತನ್ನೇ ಆಡಿತು. ವಾರ್ಡಿನ ಆಯಾಗಳಿಂದ ಕಲಿತದ್ದಿರಬೇಕು.

"ಯಾರಮ್ಮ, ಬೇಗ ಹೇಳಿ. ಇಲ್ಲಿ ಅವಸರ ಇದೆ."

"ನಾನು ನಿಮ್ಮ ಊರಿಂದ. ನಿಮ್ಮ ಮನೇಲಿರೋಳು."

"ನಾನು ನಿಮ್ಮ ವಾರ್ಡಲ್ಲಿರೋಳು. ಇಲ್ಲಿ ಒಬ್ಬಳಿಗೆ ನೋವು ಜೋರಾಗಿದೆ. ಬಾಗಿಲಲ್ಲಿ ನಿಮ್ಮ ಅಧೀಕ್ಷಕರು ನಿಂತು ಮುಟ್ಟಬೇಡ ಅಂತಿದ್ದಾರೆ."

"ಇಲ್ಲಿ ನಿಮ್ಮ ಸಂಯೋಜಕರೂ ಅದನ್ನೇ ಅಂತಿದ್ದಾರೆ. ಮೇಲ್ವಿಚಾರಣೆ ಬೇಕಂತೆ."

"ಇಲ್ಲೂ ಬೇಕಂತೆ."

"ಹಾಗಾದ್ರೆ ನೀವು ನನ್ನನ್ನ ನೋಡ್ಕೊಳ್ಳಿ, ನಾನು ನಿಮ್ಮನ್ನ ನೋಡ್ಕೋತೀನಿ."

"ಆಯ್ತು. ಶುರು ಮಾಡಿ."

ಇಬ್ಬರೂ ಫೋನನ್ನು ಕಿಟಕಿಯ ಮೇಲಿಟ್ಟು ಕೈ ತೊಳೆದುಕೊಂಡರು. ಆಮೇಲೆ ಮೇಲ್ವಿಚಾರಣೆಯ ಮಾತನ್ನು ಇಬ್ಬರಲ್ಲಿ ಯಾರೂ ಎತ್ತಲಿಲ್ಲ.

ಸಿಸ್ಟರ್ ಸ್ಟೂಲೆಳೆದುಕೊಂಡು ಕೂತು ಬಡಗಿಯ ಹೆಂಡತಿಯ ಕೈ ಹಿಡಿದಳು. ನೋವು ಬಂದು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಇನ್ನೊಂದು ಮಂಚದಿಂದ ಯಾರೂ ಕರೆಯಲಿಲ್ಲ. ಇಷ್ಟು ವರ್ಷ ಎಷ್ಟೋ ಹೆರಿಗೆ ಮಾಡಿಸಿದ್ದ ಸಿಸ್ಟರಿಗೆ, ನೋವಿನ ನಡುವೆ ಹೆಂಗಸರು ಏನು ಮಾತಾಡುತ್ತಾರೆ ಎಂಬುದು ಅವತ್ತು ಗೊತ್ತಾಯಿತು. ಇವಳು ಮನೆಗೆ ಹೊಸ ಬಾಗಿಲು ಹಾಕಿಸುವ ವಿಷಯ ಮಾತಾಡಿದಳು. ಹೋದ ಮಗುವಿಗೆ ಇಡಬೇಕೆಂದಿದ್ದ ಹೆಸರು ಹೇಳಿದಳು. ಸಿಸ್ಟರ್ ಹೂಂಗುಟ್ಟುತ್ತಾ ಕೂತಿದ್ದಳು.

ತಲೆ ಹೊರಬಂದಾಗ ಕರುಳಬಳ್ಳಿ ಕೊರಳಿಗೆ ಸುತ್ತಿಕೊಂಡಿರುವುದು ಕಂಡಿತು. ಸಿಸ್ಟರಿಗೆ ಎರಡೂ ಕೈ ಬೇಕಾಯಿತು. ಬಡಗಿ ವರಾಂಡದಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ಸಿಸ್ಟರ್ ಪಕ್ಕದಲ್ಲೇ ನಿಂತಿದ್ದ ಸಂಯೋಜಕರ ಕೈಯನ್ನು ಎಳೆದು ಬಡಗಿಯ ಹೆಂಡತಿಯ ಕೈಗೆ ಕೊಟ್ಟಳು. ಸಂಯೋಜಕರು ಏನೋ ಆಕ್ಷೇಪಣೆ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನೋವು ಬಂತು, ಅವರ ಬೆರಳುಗಳು ಅವರ ಅಧೀನದಲ್ಲಿ ಉಳಿಯಲಿಲ್ಲ. ಸಂಯೋಜಕರೂ ಕೂಗಿದರು. ದುಭಾಷಿ ಅದನ್ನು ಅನುವಾದಿಸಲಿಲ್ಲ.

ಸಿಸ್ಟರ್ ಬಳ್ಳಿಯನ್ನು ಬೆರಳಲ್ಲಿ ಎತ್ತಿ ತಲೆಯ ಮೇಲಿಂದ ದಾಟಿಸಿದಳು. ಮಗು ಜಾರಿ ಬಂತು. ನೀಲಿಯಾಗಿತ್ತು. ಉಜ್ಜಿದಳು, ಮೂಗು ಬಾಯಿ ಒರೆಸಿದಳು, ಮತ್ತೆ ಉಜ್ಜಿದಳು. ಕೋಣೆಯಲ್ಲಿ ಯಾರೂ ಉಸಿರಾಡಲಿಲ್ಲ. ಮಗುವೂ.

ಆಮೇಲೆ ಅತ್ತಿತು.

"ನೂತನ ಅರ್ಜಿದಾರರು ಖುದ್ದು ಹಾಜರಾಗಿದ್ದಾರೆ" ಎಂದ ದುಭಾಷಿ, ಕಣ್ಣೊರೆಸಿಕೊಳ್ಳುತ್ತಾ.

ಕಿಟಕಿಯ ಮೇಲಿದ್ದ ಫೋನಿನಲ್ಲೂ ಇನ್ನೊಂದು ಮಗು ಅಳುವುದು ಕೇಳಿಸಿತು. ಸಿಸ್ಟರ್ ಸಂಯೋಜಕರ ಕೈಯನ್ನು ಬಿಡಿಸಿ ಅಲ್ಲಿ ತನ್ನ ಕೈ ಇಟ್ಟಳು.

ನಿಯಮದಂತೆ ವಿಚಾರಣೆ ನಡೆಯಿತು. ಎರಡೂ ಸಂಸ್ಥೆಗಳು ಸೇರಿ ರಚಿಸಿದ ಸಮಿತಿಯು ಘಟನೆಯನ್ನು ಎಲ್ಲ ಕೋನಗಳಿಂದ ಪರಿಶೀಲಿಸಿತು. ಹೆರಿಗೆಯ ಹೊಣೆ ಮೇಲ್ವಿಚಾರಕರದ್ದು ಎಂಬುದು ಇತ್ಯರ್ಥವಾದ ವಿಷಯ. ಆದ್ದರಿಂದ ಹಳ್ಳಿಯ ಹೆರಿಗೆಯನ್ನು ಮಾಡಿಸಿದವರು ಹಳ್ಳಿಯ ಖಾಯಂ ದಾದಿಯೇ. ಜಿಲ್ಲಾ ಆಸ್ಪತ್ರೆಯ ಹೆರಿಗೆಯನ್ನು ಮಾಡಿಸಿದವರು ಅಲ್ಲಿಯ ಹಿರಿಯ ಸಿಸ್ಟರೇ. ಅಂದರೆ ಇಬ್ಬರೂ ತಮ್ಮ ತಮ್ಮ ಹುದ್ದೆಯಲ್ಲಿ ಹಾಜರಿದ್ದರು. ಜೊತೆಗೆ ಇಬ್ಬರೂ ವಿದೇಶದಲ್ಲೂ ಇದ್ದರು. ಇಬ್ಬರು ದಾದಿಯರು ನಾಲ್ಕು ಜಾಗದಲ್ಲಿ ಕೆಲಸ ಮಾಡಿದ್ದನ್ನು ಸಮಿತಿ ಬಹುವಾಗಿ ಮೆಚ್ಚಿ, ಈ ಕೆಳಗಿನ ಪ್ರಕಟಣೆ ಹೊರಡಿಸಿತು:

"ದಾದಿಯರ ಕೊರತೆ ನೀಗಿದೆ. ದಾದಿಯು ಪರದೇಶದಲ್ಲಿದ್ದಾಗಲೇ ಸ್ವಸ್ಥಳದಲ್ಲಿ ಪರಿಣಾಮಕಾರಿಯಾಗಿ ಕಾರ್ಯನಿರ್ವಹಿಸುತ್ತಾರೆಂದು ಸಾಬೀತಾಗಿರುವುದರಿಂದ, ಉಳಿದ ದಾದಿಯರನ್ನೂ ಹಂತಹಂತವಾಗಿ ಹೊರಗೆ ಕಳುಹಿಸತಕ್ಕದ್ದು. ಸ್ವಂತ ವಾರ್ಡಿನಲ್ಲಿ ಖುದ್ದಾಗಿ ಕಂಡುಬಂದವರನ್ನು ಗೈರುಹಾಜರಿ ಎಂದು ಪರಿಗಣಿಸಲಾಗುವುದು."

ಅಧೀಕ್ಷಕರು ಈ ಮಾದರಿಯನ್ನು ವಿವರಿಸಲು ಸಮ್ಮೇಳನದಿಂದ ಸಮ್ಮೇಳನಕ್ಕೆ ಹೋದರು. ಅವರಿಲ್ಲದೆಯೂ ಆಸ್ಪತ್ರೆ ನಡೆಯುತ್ತಿತ್ತು. ಇದನ್ನೂ ಮಾದರಿಯ ಯಶಸ್ಸೆಂದೇ ದಾಖಲಿಸಲಾಯಿತು. ಸಂಯೋಜಕರು ಬೆರಳಿಗೆ ಪಟ್ಟಿ ಕಟ್ಟಿಕೊಂಡೇ, ಹೆರಿಗೆಯ ವೇಳೆ ಕೈ ನೀಡುವುದು ಇನ್ನು ಮುಂದೆ ಬಡಗಿಯಂಥ ಗಂಡಂದಿರದೇ ಕರ್ತವ್ಯ ಎಂದು ಹೊಸ ನಿಯಮ ಸೇರಿಸಿದರು. ಬಡಗಿ ಒಪ್ಪಿದ. ಬಸುರಿಯರು ವ್ಯಾನ್ ಬಿಟ್ಟು ದಿಬ್ಬ ಹತ್ತಿ ಬರತೊಡಗಿದರು. ಯಾರಾದರೂ ಬಂದರೆ ಸಿಸ್ಟರ್ ವಾರ್ಡಿಗೆ ಫೋನು ಮಾಡಿ ಕಿಟಕಿಯ ಮೇಲಿಡುತ್ತಿದ್ದಳು. ಎಷ್ಟೋ ಸಲ ಆ ಕಡೆಯಿಂದ ಫೋನೆತ್ತುವವರೂ ಇರುತ್ತಿರಲಿಲ್ಲ. ಗಂಟೆ ಹೊಡೆದುಕೊಳ್ಳುತ್ತಿದ್ದರೆ ಸಾಕು, ಮೇಲ್ವಿಚಾರಣೆ ನಡೆಯುತ್ತಿದೆ ಎಂದು ಎಲ್ಲರಿಗೂ ಸಮಾಧಾನ.

ಸೇವೆಯ ಅವಧಿ ಮುಗಿಯುತ್ತಾ ಬಂದಾಗ ಗಂಡ ಮತ್ತೆ ಫೋನು ಮಾಡಿದ.

"ಯಾವಾಗ ಬರ್ತೀಯ?"

"ನಾನು ಬಂದ್ರೆ ಅಲ್ಲಿ ವಾರ್ಡಲ್ಲಿ ಸಿಸ್ಟರ್ ಇಲ್ಲದ ಹಾಗಾಗುತ್ತಲ್ಲ ರೀ."

ಗಂಡ ಯೋಚಿಸಿದ. "ಅದೂ ಸರಿ" ಅಂದ.

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ಸಾಕು ಇಡೋ ಫೋನು. ಸಿಸ್ಟರ್ ಊಟಕ್ಕೆ ಕಾಯ್ತಿದ್ದಾಳೆ."

ಸಿಸ್ಟರಿಗೂ ಹೆಚ್ಚು ಮಾತಾಡಲು ಬಿಡುವಿರಲಿಲ್ಲ. ಒಳಗಿನ ಕೋಣೆಯಿಂದ ಇಲ್ಲಿನ ಅತ್ತೆಯೂ ಕರೆಯುತ್ತಿದ್ದಳು. "ಬಂದೆ ಅತ್ತೆ" ಎಂದು ಎದ್ದು ಹೋದಳು.